ಗರಿ ತಿರುವಿ ನೋಡಿ

ಸಿ.ಎಸ್. ಪುರದ ಕಡೆ ತೋಟ ಕೊಂಡು ಪಟ್ಟಣದಿಂದ ಬಂದವರು, ಹೊಸದಾಗಿ ಮನೆ ಮಾಡಿದ ಮೇಷ್ಟ್ರುಗಳು, ರಜೆಗೆ ಅಜ್ಜಿಯ ಊರಿಗೆ ಬಂದ ಮಕ್ಕಳು ಹುಳ ಕಂಡೊಡನೆ ಕೇಳುವುದು ಒಂದೇ ಪ್ರಶ್ನೆ: ‘ಇದು ಒಳ್ಳೇದೋ ಕೆಟ್ಟದ್ದೋ?’ ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಈ ಹುಳ ಏನು ತಿನ್ನುತ್ತಿದೆ, ಇದನ್ನು ಯಾರು ತಿನ್ನುತ್ತಿದ್ದಾರೆ ಎಂದು ಮೊದಲು ನೋಡಿ. ಅಷ್ಟು ತಿಳಿಯುವ ಹೊತ್ತಿಗೆ ಒಳ್ಳೆಯದು ಕೆಟ್ಟದ್ದು ತಾನಾಗಿ ಗೊತ್ತಾಗುತ್ತದೆ, ಹುಳ ನೋಡುವ ರುಚಿಯೂ ಹತ್ತಿರುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಹೊತ್ತು ಬೆಳಗಿನದ್ದಾಗಲಿ. ಬಿಸಿಲೇರುವ ಮುಂಚೆ ಹುಳಗಳ ಮೈ ಇನ್ನೂ ಬೆಚ್ಚಗಾಗಿರುವುದಿಲ್ಲ, ನಿಮಗೆ ನೋಡಲು ಪುರುಸೊತ್ತು ಕೊಡುತ್ತವೆ. ಬೆಳೆದ ಹುಳದ ಕಾಲು ಎಣಿಸಿ: ಆರಿದ್ದರೆ ಕೀಟ, ಎಂಟಿದ್ದರೆ ಜೇಡದ ಬಳಗ.

ಮೊದಲ ಪಾಠಕ್ಕೆ ಮನೆಯ ಗೋಡೆ ಸಾಕು. ಸೂರಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ, ಪೂರ್ತಿ ಕೂತು ನೋಡಿದವರು ಕಡಿಮೆ. ಹಸಿ ಮಣ್ಣಿನ ಉಂಡೆಯನ್ನು ಬಾಯಲ್ಲಿ ತಂದು ಗೋಡೆಗೆ ಒತ್ತುವಾಗ ಅದು ಸಣ್ಣಗೆ ಗುಂಯ್‌ಗುಡುತ್ತದೆ. ಕಿವಿಗೊಟ್ಟು ಕೇಳಿ, ಹಾರುವಾಗಿನ ದನಿಗೂ ಈ ದನಿಗೂ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಹಿರಿಯರ ಭ್ರಮರ ಕೀಟ ನ್ಯಾಯ ಹುಟ್ಟಿದ್ದು ಇಂಥ ನೋಟದಿಂದಲೇ. ಭ್ರಮರ ಒಂದು ಹುಳವನ್ನು ಗೂಡಿಗೆ ತಂದು ಅದರ ಸುತ್ತ ಝೇಂಕರಿಸುತ್ತದೆ, ಅದನ್ನೇ ಧ್ಯಾನಿಸುತ್ತ ಹುಳವೂ ಭ್ರಮರವಾಗುತ್ತದೆ ಎಂದು ಗುರುಶಿಷ್ಯರ ಸಂಬಂಧ ವಿವರಿಸಲು ಹೇಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ: ಒಳಗೆ ಹೋದದ್ದು ಹುಳ, ಗೂಡೊಡೆದು ಹೊರಬಂದದ್ದು ಕಡಜ. ಮುಚ್ಚಿದ ಗೂಡಿನೊಳಗೆ ನಡೆಯುವುದು ಬೇರೆ. ತಾಯಿ ಕಡಜ ಹುಳವನ್ನು ಕುಟುಕಿ ಮರಗಟ್ಟಿಸುತ್ತದೆ, ಕೊಲ್ಲುವುದಿಲ್ಲ. ಕೊಂದರೆ ಕೊಳೆತುಹೋದೀತು. ಜೊತೆಗೆ ಒಂದು ಮೊಟ್ಟೆಯಿಟ್ಟು ಬಾಯಿ ಮೆತ್ತಿ ಹೊರಟುಬಿಡುತ್ತದೆ. ಮೊಟ್ಟೆಯೊಡೆದ ಮರಿ ಆ ತಾಜಾ ಆಹಾರ ತಿಂದು ಬೆಳೆದು ರೆಕ್ಕೆ ಪಡೆಯುತ್ತದೆ.

ಗೂಡಿನ ಆಕಾರದಿಂದಲೇ ಒಳಗಿನ ಉಗ್ರಾಣ ಊಹಿಸಬಹುದು. ಗುಂಡಗೆ ಪುಟ್ಟ ಮಡಕೆಯ ಆಕಾರದಲ್ಲಿದ್ದರೆ ಒಳಗಿರುವುದು ಎಲೆ ತಿನ್ನುವ ಹಸಿರು ಹುಳಗಳು. ಉದ್ದನೆಯ ಕೊಳವೆಗಳನ್ನು ಅಕ್ಕಪಕ್ಕ ಜೋಡಿಸಿದ್ದರೆ ಜೇಡಗಳು. ಒಂಟಿಯಾಗಿ ಬಾಳುವ ಈ ಕಡಜಗಳು ಹಿಡಿದು ಅದುಮಿದರೆ ಹೊರತು ಮನುಷ್ಯರನ್ನು ಕುಟುಕುವುದಿಲ್ಲ. ಗೂಡನ್ನು ಪೊರಕೆಯಿಂದ ಕೆಡವಬೇಡಿ. ಮರದಲ್ಲಿ ಅಥವಾ ನೀರಿನ ಟ್ಯಾಂಕಿನಡಿ ತೂಗುವ ಹೆಜ್ಜೇನಿನ ಮಾತು ಬೇರೆ. ಅದನ್ನು ದೂರದಿಂದಲೇ ನೋಡಬೇಕು. ಕಲ್ಲು, ಹೊಗೆ ಯಾವುದೂ ಬೇಡ, ಒಂದು ಕೆರಳಿದರೆ ನೂರಾರು ಅಟ್ಟಿಸಿಕೊಂಡು ಬರುತ್ತವೆ.

ಹಿತ್ತಲಿಗೆ ಬನ್ನಿ. ಕರಿಬೇವಿನ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆ ಎನಿಸಿದರೆ ಬಗ್ಗಿ ನೋಡಿ, ಅದು ನಿಂಬೆ ಚಿಟ್ಟೆಯ ಎಳೆ ಮರಿ ಇರಬಹುದು. ಹಕ್ಕಿಯ ಕಣ್ಣಿಗೇ ಮಣ್ಣೆರಚುವ ವೇಷ ಅದು. ದೊಡ್ಡದಾದ ಮೇಲೆ ವೇಷ ಕಳಚಿ ಎಲೆಯ ಹಸಿರು ತೊಡುತ್ತದೆ. ಆಗ ಬೆನ್ನನ್ನು ಮೆತ್ತಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಗಾಟು ವಾಸನೆ ಬಿಡುತ್ತದೆ. ನಾಲ್ಕು ಎಲೆ ತಿಂದ ಈ ಮರಿ ಚಿಟ್ಟೆಯಾದಾಗ ಮಕರಂದ ಹೀರಿ ಪರಾಗ ಹೊರುತ್ತದೆ. ಹತ್ತಿರದಲ್ಲೇ ಅವರೆ, ಅಲಸಂದೆ ಬಳ್ಳಿಯ ಕುಡಿಗೆ ಹೇನು ಮುತ್ತಿದ್ದರೆ ಗುಲಗಂಜಿ ಹುಳವನ್ನು ಹುಡುಕಿ. ಕೆಂಪು ಬೆನ್ನಿನ ಮೇಲೆ ಕಪ್ಪು ಗುರುತಿರುವ ದೊಡ್ಡದನ್ನು ಎಲ್ಲರೂ ಗುರುತಿಸುತ್ತಾರೆ. ಅದರ ಮರಿ ಕಪ್ಪಗೆ ಒರಟಾಗಿ ಮೊಸಳೆಯ ಮೈಕಟ್ಟಿನಲ್ಲಿರುತ್ತದೆ, ಅದನ್ನೇ ಶತ್ರುವೆಂದು ಹೊಸಕುವವರು ಬಹಳ. ತಾಯಿಯಂತೆ ಮರಿಯೂ ಹೇನು ತಿಂದೇ ಬದುಕುತ್ತದೆ.

ನಮ್ಮ ಸೀಮೆಯ ನಿಜವಾದ ಪಾಠಶಾಲೆ ತೆಂಗಿನ ತೋಟ. ಗೊಬ್ಬರದ ಗುಂಡಿ ಕೆದಕಿದರೆ ದಪ್ಪಗೆ ಬೆಳ್ಳಗೆ ಸುರುಳಿ ಸುತ್ತಿದ ಹುಳಗಳು ಸಿಗುತ್ತವೆ. ಅವುಗಳಲ್ಲಿ ಕೆಲವು ಕೊಂಬಿನ ದುಂಬಿಯ ಮರಿಗಳು. ಗುಂಡಿಯಲ್ಲಿರುವಷ್ಟು ಕಾಲ ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತವೆ, ಮರಕ್ಕೆ ಏನೂ ಮಾಡುವುದಿಲ್ಲ. ರೆಕ್ಕೆ ಬಂದ ದುಂಬಿ ರಾತ್ರಿ ಹಾರಿ ತೆಂಗಿನ ಸುಳಿ ಕೊರೆಯುತ್ತದೆ. ಮಡಿಸಿಕೊಂಡಿರುವ ಎಳೆ ಗರಿಯಲ್ಲಿ ಒಂದು ಸಲ ಕೊರೆದರೆ ಎಲ್ಲ ಮಡಿಕೆಗೂ ತೂತು ಬೀಳುವುದರಿಂದ, ಗರಿ ಬಿಚ್ಚಿಕೊಂಡಾಗ ಎರಡೂ ಬದಿ ಓರಣವಾಗಿ ಕತ್ತರಿಸಿದಂತೆ ಕಾಣುತ್ತದೆ. ಈ ಗುರುತು ದೂರದಿಂದಲೇ ತಿಳಿಯುತ್ತದೆ. ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬಂದು ಮೊಟ್ಟೆಯಿಡುತ್ತದೆ, ಅದರ ಮರಿಗಳು ಕಾಂಡದೊಳಗೇ ತಿಂದು ಮರವನ್ನು ಕೆಡವಬಲ್ಲವು. ಹಾಗಾಗಿ ಕಾವಲು ತಿಪ್ಪೆಯಿಂದಲೇ ಶುರುವಾಗಬೇಕು: ಗೊಬ್ಬರ ತಿರುವಿಹಾಕಿ, ಮರಿಗಳನ್ನು ಕೋಳಿಗೆ ಬಿಡಿ.

ಈಗ ಗರಿಯ ತಳಭಾಗ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ, ಮಧ್ಯ ಅಮೆರಿಕ ಮೂಲದ ಸುರುಳಿ ಬಿಳಿನೊಣ ಮೊದಲು ಕಾಣಿಸಿತು. ಆಮೇಲೆ ಕರ್ನಾಟಕದ ತೋಟಗಳಿಗೂ ಹಬ್ಬಿತು. ಮೊಟ್ಟೆಗಳನ್ನು ಸುರುಳಿ ಸುರುಳಿಯಾಗಿ ಇಟ್ಟು ಬಿಳಿ ಮೇಣ ಹೊದಿಸುತ್ತದೆ. ಅದು ಸುರಿಸುವ ಅಂಟುಸಿಹಿ ಕೆಳಗಿನ ಗರಿಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಗರಿ ಕಪ್ಪಾದದ್ದನ್ನು ಕಂಡ ರೈತನಿಗೆ ಮರವೇ ಹೋಯಿತೆಂಬ ಗಾಬರಿ, ಕೂಡಲೇ ಔಷಧಿಯ ಅಂಗಡಿಗೆ ಓಟ. ಇಲ್ಲಿ ಭೂತಗನ್ನಡಿ ತೆಗೆಯಿರಿ. ಗರಿಯ ತಳಕ್ಕೆ ಅಂಟಿದ ಖಾಲಿ ಚಿಪ್ಪುಗಳಲ್ಲಿ ಎರಡು ಬಗೆಯ ಬಿಲಗಳಿರುತ್ತವೆ. ಚಿಪ್ಪು ‘ಟಿ’ ಆಕಾರದಲ್ಲಿ ಸೀಳಿದ್ದರೆ ಅಲ್ಲಿಂದ ಹಾರಿದ್ದು ಬಿಳಿನೊಣ. ಸೂಜಿಯಲ್ಲಿ ಚುಚ್ಚಿದಂಥ ದುಂಡು ತೂತಿದ್ದರೆ ಬಿಳಿನೊಣದ ಮರಿಯನ್ನು ಒಳಗಿಂದಲೇ ತಿಂದು ಎನ್ಕಾರ್ಸಿಯಾ ಎಂಬ ಕಣಜ ಹೊರಬಂದಿದೆ ಎಂದರ್ಥ. ಅದರ ಅಳತೆ ಒಂದು ಮಿಲಿಮೀಟರಿಗೂ ಕಡಿಮೆ. ದುಂಡು ತೂತು ಹೆಚ್ಚಿರುವ ತೋಟದಲ್ಲಿ ಕೀಟನಾಶಕ ಹೊಡೆದರೆ ಸಾಯುವುದು ಈ ಕಣಜ, ಉಳಿದುಕೊಂಡು ಮತ್ತೆ ಹೆಚ್ಚುವುದು ಮೇಣದ ಹೊದಿಕೆಯಲ್ಲಿರುವ ಬಿಳಿನೊಣ. ನೀರನ್ನು ರಭಸವಾಗಿ ಗರಿಯ ತಳಕ್ಕೆ ಹಾಯಿಸುವುದು, ಕಣಜವನ್ನು ಅದರ ಪಾಡಿಗೆ ಬಿಡುವುದು ಮೇಲು. ಈ ಎರಡು ತೂತುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲವರನ್ನು ನಾನು ಪಳಗಿದ ರಸಿಕರೆಂದೇ ಎಣಿಸುತ್ತೇನೆ.

ಇಂಥ ಕಣಜಗಳ ಶಕ್ತಿ ದೊಡ್ಡದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿದ ಪಪ್ಪಾಯಿಯ ಹಿಟ್ಟುತಿಗಣೆ ಹಿಪ್ಪುನೇರಳೆ ತೋಟಗಳನ್ನೂ ಬಿಡಲಿಲ್ಲ. ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿ ಸಾಕಿ ಬಿಟ್ಟ ಮೇಲೆ ಆ ಕಾಟ ಅಡಗಿತು. ತೆಂಗಿನ ಗರಿಯನ್ನು ಸುಟ್ಟಂತೆ ಒಣಗಿಸುವ ಕಪ್ಪುತಲೆ ಹುಳಕ್ಕೂ ಗೋನಿಯೋಜಸ್ ಎಂಬ ಕಣಜವಿದೆ. ಹುಳದ ಮೈಮೇಲೆ ಮೊಟ್ಟೆಯಿಟ್ಟ ತಾಯಿ ಹಾರಿಹೋಗದೆ, ಮರಿಗಳು ಬೆಳೆಯುವವರೆಗೆ ಪಕ್ಕದಲ್ಲೇ ಕಾವಲು ಕೂರುತ್ತದೆ. ಕಣಜಗಳ ಲೋಕದಲ್ಲಿ ಇದು ಅಪರೂಪ.

ಅಡುಗೆಮನೆಯದ್ದು ಚಿಕ್ಕ ಅಧ್ಯಾಯ. ಹೆಸರುಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿದ್ದರೆ ಅದು ಕಾಳುಹುಳದ ಮೊಟ್ಟೆ. ಮರಿ ಅಲ್ಲಿಂದಲೇ ಕಾಳಿನೊಳಗೆ ಕೊರೆದುಕೊಂಡು ಹೋಗುತ್ತದೆ. ಹಾರಾಡುವ ದೊಡ್ಡ ಹುಳ ಕಾಳು ತಿನ್ನುವುದಿಲ್ಲ, ಮೊಟ್ಟೆಯಿಡುವುದಷ್ಟೇ ಅದರ ಕೆಲಸ. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಬಿಸಿಲಿಗೆ ಒಣಗಿಸುತ್ತಿದ್ದ ನಮ್ಮ ಹೆಂಗಸರು ಕಾಳಿನ ಮೈಯನ್ನೇ ಹುಳಕ್ಕೆ ಸಿಗದಂತೆ ಮುಚ್ಚುತ್ತಿದ್ದರು. ರಾಗಿಗೆ ಈ ಕಷ್ಟವಿಲ್ಲ, ಇಂಥ ಹುಳದ ಮರಿ ಒಳಗೆ ಕೂತು ಬೆಳೆಯಲು ಅದರ ಕಾಳು ತೀರ ಚಿಕ್ಕದು.

ಸೊಳ್ಳೆಯ ವಿಷಯದಲ್ಲಿ ಮಾತ್ರ ರಸಿಕತೆ ಬೇಡ. ಕಾಲಿನಲ್ಲಿ ಬಿಳಿ ಪಟ್ಟೆಯಿರುವ, ಹಗಲಲ್ಲಿ ಕಚ್ಚುವ ಸೊಳ್ಳೆ ಡೆಂಗಿ, ಚಿಕುನ್‌ಗುನ್ಯ ಹರಡುತ್ತದೆ. ಎಳನೀರು ಕುಡಿದು ಎಸೆದ ಬುರುಡೆ, ತೆಂಗಿನ ಚಿಪ್ಪು, ಮುಚ್ಚದ ತೊಟ್ಟಿ ಇದರ ತವರು. ಮೊಟ್ಟೆ ಸೊಳ್ಳೆಯಾಗಲು ವಾರದ ಮೇಲೆ ಒಂದೆರಡು ದಿನ ಸಾಕಾದ್ದರಿಂದ ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ಉಜ್ಜಿ, ಬುರುಡೆಗಳನ್ನು ಬೋರಲು ಹಾಕಿ.

ತೋಟದಲ್ಲಿ ಗುರುತು ಹತ್ತದ ಹುಳ ಕಂಡರೆ, ಔಷಧಿ ತರುವ ಮುಂಚೆ ಗರಿಯ ಒಂದು ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ತಿಪಟೂರಿನ ಕೊನೇಹಳ್ಳಿ ಅಥವಾ ತುಮಕೂರಿನ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ.