ಯಾವ ಬ್ಯಾಟರಿ ಎಂದು ಕಾರನ್ನೇ ಕೇಳಿ

ಕಳೆದ ಏಪ್ರಿಲ್‌ನಲ್ಲಿ ತಿರುಪ್ಪೂರಿನಿಂದ ಸೋದರಮಾವನ ಮಗ ಫೋನ್ ಮಾಡಿದ. "ಭಾವ, ಸೆಲ್ಫ್ ಹೊಡೆದರೆ ಕಟ್ ಕಟ್ ಅಂತದೆ, ಅಷ್ಟೇ. ಬ್ಯಾಟರಿ ಹಾಕಿಸಿ ಒಂಬತ್ತು ತಿಂಗಳೂ ಆಗಿಲ್ಲ." ಮರುದಿನ ಬೆಳಿಗ್ಗೆ ಕೊಯಮತ್ತೂರಿನಿಂದ ಹೊರಟೆ. ಬಾನೆಟ್ ಎತ್ತಿ ಮೀಟರ್ ಹಚ್ಚಿದರೆ 11.9 ವೋಲ್ಟ್. ರಾತ್ರಿಯೆಲ್ಲ ನಿಂತ ಕಾರಿನಲ್ಲೂ ತುಂಬಿದ ಬ್ಯಾಟರಿ 12.6 ಆಸುಪಾಸು ತೋರಿಸಬೇಕು. ಟರ್ಮಿನಲ್ ಬಿಗಿಯಾಗಿತ್ತು, ಹಸಿರುಬಿಳುಪಿನ ಪುಡಿಯೂ ಕಟ್ಟಿರಲಿಲ್ಲ. ತಪ್ಪು ಇದ್ದದ್ದು ಆಯ್ಕೆಯಲ್ಲಿ. ಸಿಗ್ನಲ್ಲಿನಲ್ಲಿ ತಾನೇ ಎಂಜಿನ್ ನಿಲ್ಲಿಸಿ ತಾನೇ ಎಬ್ಬಿಸುವ ಸ್ಟಾರ್ಟ್-ಸ್ಟಾಪ್ ಕಾರಿಗೆ ಯಾರೋ ಸಾದಾ ಬ್ಯಾಟರಿ ಕೂರಿಸಿದ್ದರು.

1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ, ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿ ಎಂಜಿನ್ ಎಬ್ಬಿಸುವ ಕೆಲಸ ಬ್ಯಾಟರಿಯ ಪಾಲಾಯಿತು. ಒಂದು ಸಲ ಜೋರಾಗಿ ಒದ್ದರೆ ಮುಗಿಯಿತು, ಮುಂದಿನದನ್ನು ಆಲ್ಟರ್ನೇಟರ್ ನೋಡಿಕೊಳ್ಳುತ್ತದೆ. ಸಾದಾ ಬ್ಯಾಟರಿಯ ಸೀಸದ ತಟ್ಟೆಗಳು ತಯಾರಾಗುವುದೇ ಈ ಕೆಲಸಕ್ಕೆ. ಸ್ಟಾರ್ಟ್-ಸ್ಟಾಪ್ ಕಾರಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಸಲ ಒದೆಯಬೇಕು, ಎಂಜಿನ್ ನಿಂತಾಗ ಫ್ಯಾನು, ದೀಪ, ಹಾಡು ಎಲ್ಲವನ್ನೂ ಹೊರಬೇಕು. ಅದಕ್ಕೇ ಇಎಫ್‌ಬಿ ಅಥವಾ ಎಜಿಎಂ. ಇಎಫ್‌ಬಿ ಎಂದರೆ ಆಸಿಡ್ ತುಂಬಿದ ಹಳೆಯ ಬಗೆಯದೇ, ತಟ್ಟೆ ಮಾತ್ರ ಗಟ್ಟಿ. ಎಜಿಎಂನಲ್ಲಿ ಆಸಿಡ್ ಗಾಜಿನ ನಾರಿನ ಹಾಸಿನೊಳಗೆ ಹೀರಿಕೊಂಡಿರುತ್ತದೆ.

ಬೆಲೆ ಹೆಚ್ಚಿದ್ದು ಎಲ್ಲೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವುಗಳಲ್ಲಿ ದುಬಾರಿಯಾದ ಎಜಿಎಂಗೆ ಎಂಜಿನ್ನಿನ ಕಾವು ಆಗಿಬರದು. ಅದಕ್ಕೇ ಹಲವು ಕಾರುಗಳಲ್ಲಿ ಅದನ್ನು ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇಡುತ್ತಾರೆ. ಬಾನೆಟ್‌ನೊಳಗೆ ಇಎಫ್‌ಬಿ ಬಂದ ಕಾರಿಗೆ ಇಎಫ್‌ಬಿಯನ್ನೇ ಹಾಕಿ, ಎಜಿಎಂ ಬಂದದ್ದಕ್ಕೆ ಎಜಿಎಂ. ಎರಡೂ ಬೇಡದ ಹಳೆಯ ಕಾರಿಗೆ ಒಳ್ಳೆಯ ಸಾದಾ ಬ್ಯಾಟರಿ ಧಾರಾಳವಾಗಿ ಸಾಕು.

ಕಾವಿನ ಮಾತು ನಮಗೆ ಬಹಳ ಮುಖ್ಯ. ಪಾಲಕ್ಕಾಡ್ ಕಣಿವೆಯ ಗಾಳಿ ಕೊಯಮತ್ತೂರನ್ನು ತಂಪಾಗಿಡುತ್ತದೆ, ಪೂರ್ವಕ್ಕೆ ತಿರುಪ್ಪೂರಿನತ್ತ ಹೋದಂತೆ ಬಿಸಿಲು ಕಾಯುತ್ತದೆ. ಹತ್ತು ಡಿಗ್ರಿ ಕಾವು ಏರಿದರೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂದು ಈ ಕೆಲಸದವರು ಲೆಕ್ಕ ಹಾಕುತ್ತಾರೆ. ಹಿಮದ ದೇಶಗಳವರು ತಲೆಕೆಡಿಸಿಕೊಳ್ಳುವ ಸಿಸಿಎ, ಅಂದರೆ ಕೊರೆವ ಚಳಿಯಲ್ಲಿ ಎಂಜಿನ್ ಎಬ್ಬಿಸುವ ತಾಕತ್ತಿನ ಅಂಕಿಯ ಹಿಂದೆ ನಾವು ಓಡಬೇಕಿಲ್ಲ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟಿದ್ದರೆ ಸಾಕು. ಇನ್ನೊಂದು ಶತ್ರು ಚಿಕ್ಕ ಓಡಾಟ. ಮನೆಯಿಂದ ಬನಿಯನ್ ಕಂಪನಿಗೆ ಎರಡು ಕಿಲೋಮೀಟರ್, ಎಸಿ ಹಾಕಿಕೊಂಡು ಅವಿನಾಶಿ ರಸ್ತೆಯ ದಟ್ಟಣೆಯಲ್ಲಿ ತೆವಳಿದರೆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆತುಂಬಿದಂತೆಯೇ ಉಳಿದರೆ ತಟ್ಟೆಯ ಮೇಲೆ ಸೀಸದ ಸಲ್ಫೇಟು ಹರಳುಗಟ್ಟುತ್ತದೆ. ಗಟ್ಟಿಯಾದ ಆ ಹರಳನ್ನು ಚಾರ್ಜರ್ ಕೂಡ ಕರಗಿಸಲಾರದು.

ಕೊಳ್ಳುವಾಗ ನಾನು ಮೊದಲು ಓದುವುದು ಹಳೆಯ ಬ್ಯಾಟರಿಯ ಮೇಲಿನ ಅಕ್ಷರ. 38ಬಿ20ಎಲ್ ಎಂದಿದ್ದರೆ 20 ಅದರ ಉದ್ದ, ಸೆಂಟಿಮೀಟರಿನಲ್ಲಿ. ಕೊನೆಯ ಎಲ್ ಟರ್ಮಿನಲ್ ಯಾವ ಕಡೆ ಎಂಬ ಗುರುತು. ಎಲ್ ಬದಲು ಆರ್ ತಂದರೆ ಕೇಬಲ್ ಎಟುಕದೆ ಒದ್ದಾಡಬೇಕು. ಆಮೇಲೆ ತಯಾರಾದ ತಿಂಗಳು. ಆರು ತಿಂಗಳು ಅಂಗಡಿಯಲ್ಲೇ ಕೂತದ್ದು ಬೇಡ. ಹಣ ಕೊಡುವ ಮುಂಚೆ ಮೀಟರ್ ಹಚ್ಚಿ ತೋರಿಸಿ ಎನ್ನಿ, ಸಂಕೋಚ ಬೇಡ. ಹಳೆಯದನ್ನು ಅಲ್ಲೇ ಕೊಟ್ಟು ಬನ್ನಿ. ಬೆಲೆಯಲ್ಲಿ ಕಳೆಯುತ್ತಾರೆ, ಒಳಗಿನ ಸೀಸವೂ ಗುಜರಿಯವನ ಅಂಗಳದ ಮಣ್ಣಿಗೆ ಸೇರುವುದಿಲ್ಲ.

ಮಾವನ ಮಗನ ಕಾರಿಗೆ ಇಎಫ್‌ಬಿ ಹಾಕಿಸಿದೆವು. ಮೀಟರ್ 12.7 ತೋರಿಸಿತು. ಈಗ ಪ್ರತಿ ಭಾನುವಾರ ಅವನು ಎಲ್ಲರನ್ನೂ ಕೂರಿಸಿಕೊಂಡು ಕಾಂಗೇಯದ ತನಕ ಹೋಗಿ ಬರುತ್ತಾನೆ, ಬ್ಯಾಟರಿ ತುಂಬಲಿ ಎಂದು.