ಯಾನವೋ, ಗುಳೆಯೋ?

ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಬೀಗ ಬಿದ್ದ ಮನೆಗಳನ್ನೂ ಮುದುಕರಷ್ಟೇ ಉಳಿದ ಮನೆಗಳನ್ನೂ ನೀವು ಕಂಡಿರುತ್ತೀರಿ. ಗಂಡಹೆಂಡಿರು ಪಾತ್ರೆಪಡಗ ಗಂಟು ಕಟ್ಟಿಕೊಂಡು, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಇದಕ್ಕೆ ನಾವು ಗುಳೆ ಎನ್ನುತ್ತೇವೆ. ಈ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಮುದ್ರಯಾನದ ಪುಸ್ತಕವನ್ನು ಓದಿದರೆ ಹೇಗಿರುತ್ತದೆ? ನನಗೆ ಆದದ್ದು ಅದೇ.

ಪುಸ್ತಕ, ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಗಳು ಬರೆದ ‘ಕ್ರೂಸಿಂಗ್ ಇನ್ ಸೆರಾಫಿನ್’. 1976ರಲ್ಲಿ ಪ್ರಕಟವಾಯಿತು. ಇವರಿಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಕೈಯಾರೆ ಒಂದು ಮರದ ಹಾಯಿದೋಣಿಯನ್ನು ಕಟ್ಟಿ 1968ರಲ್ಲಿ ನೀರಿಗಿಳಿಸಿದರು. ಉದ್ದ ಸುಮಾರು 24 ಅಡಿ. ನಮ್ಮ ಕಡೆಯ ಒಂದು ಪಡಸಾಲೆಯಷ್ಟು. ಅಡುಗೆ, ನಿದ್ದೆ, ಸಂಸಾರವೆಲ್ಲ ಅದರಲ್ಲಿಯೇ. ಎಂಜಿನ್ ಇಲ್ಲ, ಬೆಳಕಿಗೆ ಸೀಮೆಎಣ್ಣೆಯ ದೀಪ. ಗಾಳಿ ಬಿದ್ದುಹೋದರೆ ಉದ್ದನೆಯ ಹುಟ್ಟು ಹಾಕಿಯೇ ಬಂದರನ್ನು ಸೇರಬೇಕು. ಹೀಗೆ ಮೆಕ್ಸಿಕೊ ಕರಾವಳಿಯಿಂದ ಪನಾಮಾ, ಅಲ್ಲಿಂದ ಕೆರಿಬಿಯನ್ ಸಮುದ್ರ, ಬಳಿಕ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿನವರೆಗಿನ ಪಯಣ ಇದರಲ್ಲಿದೆ.

ಈ ಕೃತಿಯ ಸತ್ವವಿರುವುದು ಬಿರುಗಾಳಿಯ ವರ್ಣನೆಯಲ್ಲಿ ಅಲ್ಲ, ದುಡಿಮೆಯ ವಿವರದಲ್ಲಿ. ಕೈಯಲ್ಲಿನ ಹಣ ಕರಗಿದಾಗ ಇವರು ಬಂದರಿನಲ್ಲಿ ನಿಂತು ಕೆಲಸ ಹುಡುಕುತ್ತಾರೆ. ಬೇರೆಯವರ ದೋಣಿಗಳನ್ನು ದುರಸ್ತಿ ಮಾಡುತ್ತಾರೆ, ಯಾರದೋ ಹಡಗನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸುತ್ತಾರೆ. ಹೆಂಡತಿ ಇಲ್ಲಿ ಜೊತೆಗೆ ಬಂದ ಪ್ರಯಾಣಿಕಳಲ್ಲ. ಚುಕ್ಕಾಣಿಯಲ್ಲಿಯೂ ಬರವಣಿಗೆಯಲ್ಲಿಯೂ ಸಮಪಾಲುಗಾರ್ತಿ. ಇದು ಒಂದು ಕಾಲದ ಶೋಕಿಯೂ ಆಗಿರಲಿಲ್ಲ. 1983ರಲ್ಲಿ ನೀರಿಗಿಳಿಸಿದ ತಮ್ಮ ಎರಡನೆಯ ದೋಣಿ ‘ಟಾಲೀಸಿನ್’ಗೂ ಅವರು ಎಂಜಿನ್ ಹಾಕಲಿಲ್ಲ. ಲ್ಯಾರಿ 2020ರಲ್ಲಿ ತೀರಿಕೊಂಡರು.

ಆದರೂ ಪುಸ್ತಕ ಮುಚ್ಚಿದಾಗ ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ದೋಣಿ ಚಿಕ್ಕದಾಗಿದ್ದರೆ, ಬೇಕುಗಳು ಕಡಿಮೆಯಾದರೆ ಮನುಷ್ಯ ಸ್ವತಂತ್ರನಾಗುತ್ತಾನೆ ಎಂಬುದು ಇವರ ನಂಬಿಕೆ. ಓದುವಾಗ ನಾವೂ ತಲೆದೂಗುತ್ತೇವೆ. ಹಾಗಿದ್ದರೆ ಗಂಗಾವತಿಯಿಂದ ಆನೆಗುಂದಿಗೆ ಹೋಗಿ ತುಂಗಭದ್ರೆಯ ದಡದಲ್ಲಿ ನಿಂತು ನೋಡಿ. ಇಲ್ಲಿನ ಹರಗೋಲಿಗಿಂತ ಸರಳವಾದ ದೋಣಿ ಇನ್ನೆಲ್ಲಿದೆ? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು, ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತದೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಉಳಿದಿದೆ. ಇದಕ್ಕೂ ಎಂಜಿನ್ ಇಲ್ಲ. ಆದರೆ ಇದರ ಸರಳತೆಯನ್ನು ಯಾರೂ ಜೀವನದರ್ಶನವೆಂದು ಕರೆದಿಲ್ಲ.

ಹರಗೋಲಿನ ಸಂಸಾರವೂ ನಮ್ಮ ಕನ್ನಡದವರಲ್ಲಿ ಇದೆ. ಮೈಸೂರು ಸೀಮೆಯ ಮೀನುಗಾರ ಕುಟುಂಬಗಳು ಹರಗೋಲುಗಳೊಂದಿಗೆ ಕೇರಳಕ್ಕೆ ಹೋಗಿ ಕೊಚ್ಚಿಯ ಹಿನ್ನೀರಿನಲ್ಲಿ ಬಲೆ ಬಿಡುತ್ತವೆ. ಹೆಂಡತಿ ಹುಟ್ಟು ಹಾಕುತ್ತಾಳೆ, ಗಂಡ ಬಲೆ ಬಿಡುತ್ತಾನೆ. ಎಷ್ಟೋ ವೇಳೆ ಮಗುವೂ ಅದೇ ಬುಟ್ಟಿಯಲ್ಲಿ. ದಡದಲ್ಲಿ, ಸೇತುವೆಯ ಕೆಳಗೆ ಟಾರ್ಪಾಲಿನ ಬಿಡಾರ. ಪಾರ್ಡಿ ದಂಪತಿಗಳ ದಿನಚರಿಗೂ ಇದಕ್ಕೂ ಹೊರನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ: ಇಬ್ಬರೇ, ಸಣ್ಣ ದೋಣಿ, ಕೈಕೆಲಸ, ಮುಂದಿನ ತಿಂಗಳ ಹಣದ ಚಿಂತೆ. ಒಂದನ್ನು ಯಾನವೆನ್ನುತ್ತೇವೆ, ಇನ್ನೊಂದನ್ನು ಗುಳೆ. ಬೇಡವೆನಿಸಿದ ದಿನ ಕ್ಯಾಲಿಫೋರ್ನಿಯಾಕ್ಕೆ ಮರಳಿ ಬಡಗಿಯ ಕೆಲಸ ಹಿಡಿಯುವ ದಾರಿ ಇವರಿಗಿತ್ತು. ತಮ್ಮ ಬಡತನಕ್ಕೆ ಒಂದು ಹಿಂಬಾಗಿಲಿತ್ತು ಎಂಬುದನ್ನು ಲೇಖಕರು ತೂಗಿ ನೋಡಬೇಕಿತ್ತು. ದಾರಿಯಲ್ಲಿ ಸಿಕ್ಕವರ ಆದರ, ಸ್ನೇಹ ಪುಸ್ತಕದಲ್ಲಿ ಬೇಕಾದಷ್ಟಿದೆ. ಆ ದಡದಲ್ಲಿ ಅಂಥದೇ ಸಣ್ಣ ದೋಣಿಯಿಂದ ಹೊಟ್ಟೆ ಹೊರೆಯುವವನ ಲೆಕ್ಕ ಅದರ ಪಕ್ಕದಲ್ಲಿ ಬಂದಿದ್ದರೆ ಕೃತಿಯ ತೂಕವೇ ಬೇರೆಯಾಗುತ್ತಿತ್ತು.

ಇಷ್ಟು ಹೇಳಿ, ನಾನು ಅನ್ಯಾಯ ಮಾಡುತ್ತಿದ್ದೇನೆಯೋ ಎಂಬ ಅನುಮಾನವೂ ಇದೆ. ತನ್ನ ಸುಖವನ್ನು ಬರೆದವರ ಮೇಲೆ ಊರವರ ಕಷ್ಟವನ್ನೆಲ್ಲ ಹೊರಿಸುವುದು ವಿಮರ್ಶಕರಿಗೆ ಸುಲಭ. ಇವರು ಯಾರನ್ನೂ ಸುಲಿದು ಸಾಗಲಿಲ್ಲ, ದುಡಿದೇ ಉಂಡರು. ಗುಳೆ ಹೋದ ನಮ್ಮ ದಂಪತಿಗಳು ಬರೆಯದೆ ಉಳಿದದ್ದು ಪಾರ್ಡಿಯವರ ತಪ್ಪೂ ಅಲ್ಲ. ಅವರ ಮಾತನ್ನು ಕೇಳಿ ಬರೆದುಕೊಳ್ಳಬೇಕಾದವರು ನಾವು, ಕೊಪ್ಪಳದ ಬಸ್ ನಿಲ್ದಾಣದಲ್ಲಿ ಅವರ ಗಂಟುಗಳನ್ನು ದಾಟಿಕೊಂಡು ಹೋಗುವವರು.

ಪುಸ್ತಕ ಸಿಕ್ಕರೆ ಓದಿ. ದುಡಿಮೆ, ಖರ್ಚಿನ ಮಾತು ಬಂದಲ್ಲಿ ನಿಧಾನಿಸಿ. ಸಾಧ್ಯವಾದರೆ ಗುಳೆ ಹೋಗಿ ಬಂದ ಯಾರಿಗಾದರೂ ಅದನ್ನು ಕನ್ನಡದಲ್ಲಿ ಹೇಳಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ತಿಳಿಯುವ ಕುತೂಹಲ ನನಗಿದೆ.