ಅರ್ಥಧಾರಿಯ ಸ್ವಾತಂತ್ರ್ಯವೂ ಭಾಗವತನ ವಿವೇಚನೆಯೂ

ಪಾತ್ರವನ್ನು ವಹಿಸಿ ಮಾತನಾಡುವವನು ಯಾರೂ ಎಣಿಸದಿದ್ದ ಮಾತೊಂದನ್ನು ಆಡಿದಾಗ, ಅದನ್ನು ಒಪ್ಪತಕ್ಕದ್ದೋ ತಡೆಯತಕ್ಕದ್ದೋ ಎಂದು ನಿರ್ಣಯಿಸುವವರು ಯಾರು, ಯಾವ ಪ್ರಮಾಣದಿಂದ? ಕ್ಷೇಮೇಂದ್ರನ ಔಚಿತ್ಯವಿಚಾರವು ಬರೆದು ಮುಗಿದ ಶ್ಲೋಕವನ್ನು ಮುಂದಿಟ್ಟುಕೊಂಡು ನಡೆಯತಕ್ಕದ್ದು. ಇಲ್ಲಿಯಾದರೋ ಮಾತು ಹುಟ್ಟುತ್ತಿರುವಾಗಲೇ ತೀರ್ಪು ಆಗಬೇಕು. ತಾಳಮದ್ದಳೆಯನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿಮರ್ಶಿಸಬೇಕೆಂದಿದ್ದೇನೆ.

ಕ್ಯಾತ್ಸಂದ್ರದ ನೆರೆಹೊರೆಯಲ್ಲಿ ಬೆಳೆದವನಿಗೆ ಸಹಜವಾಗಿ ಪರಿಚಿತವಾದುದು ಮೂಡಲಪಾಯವೇ ಹೊರತು ತಾಳಮದ್ದಳೆಯಲ್ಲ. ತುಮಕೂರು ಸೀಮೆಯ ಆ ಬಯಲಾಟದಲ್ಲಿ ಪದಗಳಂತೆ ಗದ್ಯವೂ ಬಹುಮಟ್ಟಿಗೆ ಬರೆದಿಟ್ಟದ್ದು. ವೇಷಧಾರಿಯು ಅದನ್ನು ಕಂಠಸ್ಥ ಮಾಡಿಕೊಂಡು ಒಪ್ಪಿಸುವನು. ಬಂದ ಪಾತ್ರವನ್ನು ಯಾರೆಂದು ವಿಚಾರಿಸುವ ಸಾರಥಿಗೆ ಮಾತ್ರ ತಕ್ಕಮಟ್ಟಿನ ಸ್ವೇಚ್ಛೆಯುಂಟು. ಆದುದರಿಂದ ನಮ್ಮ ಪ್ರಶ್ನೆ ಅಲ್ಲಿ ಅಷ್ಟು ತೀಕ್ಷ್ಣವಾಗಿ ಏಳುವುದಿಲ್ಲ. ಕರಾವಳಿಯಲ್ಲಿಯೂ ಕಾಸರಗೋಡಿನ ಕನ್ನಡ ಸೀಮೆಯಲ್ಲಿಯೂ ಬೆಳೆದ ತಾಳಮದ್ದಳೆಯ ರೀತಿಯೇ ಬೇರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತಿರುವರು. ಭಾಗವತನು ಪ್ರಸಂಗದ ಪದವನ್ನು ಹಾಡುವನು. ಅದರ ಅರ್ಥವನ್ನು ಅರ್ಥಧಾರಿಯು ಆಗಲೇ ಕಟ್ಟಿ ಹೇಳುವನು. ಪದ ಸ್ಥಿರ, ಮಾತು ಚರ. ಒಂದು ಪದಕ್ಕೂ ಮುಂದಿನ ಪದಕ್ಕೂ ನಡುವೆ ಇರುವ ಬಯಲೇ ಅವನ ಸ್ವಾತಂತ್ರ್ಯದ ಕ್ಷೇತ್ರವು.

ವಾಲಿವಧೆಯ ಸಂದರ್ಭವನ್ನು ನೋಡೋಣ. (ಪಾರ್ತಿಸುಬ್ಬನ ಕಾಲದೇಶಗಳ ವಾದ ಇಲ್ಲಿ ಅಪ್ರಕೃತವಾದುದರಿಂದ ಅದನ್ನು ಬಿಟ್ಟಿದ್ದೇನೆ.) ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17ನೆಯ ಸರ್ಗದಲ್ಲಿ ವಾಲಿಯ ಆಕ್ಷೇಪವೂ 18ನೆಯದರಲ್ಲಿ ರಾಮನ ಸಮಾಧಾನವೂ ಇವೆ. ತಮ್ಮನ ಹೆಂಡತಿಯನ್ನು ಅಪಹರಿಸಿದ ನೀನು ದಂಡಾರ್ಹನು ಎಂಬುದು ರಾಮನ ಒಂದು ವಾದ. ನೀನು ಮೃಗವಾದುದರಿಂದ ಬೇಟೆಯ ಧರ್ಮದಂತೆ ಹೊಡೆಯಬಹುದು ಎಂಬುದು ಮತ್ತೊಂದು. ಚತುರನಾದ ಅರ್ಥಧಾರಿಯು ಇವೆರಡನ್ನೂ ಎದುರುಬದುರು ನಿಲ್ಲಿಸುವನು: ನಾನು ಮೃಗವಾದರೆ ನನಗೆ ಸ್ಮೃತಿಯ ದಂಡವೆಲ್ಲಿಯದು? ದಂಡಾರ್ಹನಾದರೆ ನನ್ನನ್ನು ಕರೆದು ವಿಚಾರಿಸದೆ ಮರೆಯಿಂದ ಹೊಡೆದುದೇಕೆ? ವಾಲಿ, ಮಾಗಧ ಮೊದಲಾದ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ (1918–2006) ಕೈಯಲ್ಲಿ ಪ್ರತಿನಾಯಕನ ಪಕ್ಷವು ಎಷ್ಟು ಬಲವಾಗಬಲ್ಲುದೆಂಬುದು ಕೇಳಿದವರಿಗೆ ತಿಳಿದೇ ಇದೆ.

ಈ ಮಾತು ಮೂಲದಲ್ಲಿ ಉಂಟೇ ಎಂದು ಕೇಳುವುದು ವ್ಯರ್ಥ. ಭಾಗವತನಿಗೆ ಬೇಕಾದುದು ಇಷ್ಟೇ: ಇದಾದ ಮೇಲೆ ಮುಂದಿನ ಪದ ನಿಲ್ಲುವುದೇ? ವಾಲಿಯು ಕೊನೆಗೆ ಒಪ್ಪಿ ಅಂಗದನನ್ನು ರಾಮಸುಗ್ರೀವರ ಕೈಯಲ್ಲಿಡಬೇಕು. ಒಪ್ಪುವ ಮುನ್ನ ಎಷ್ಟು ದೂರ ಹೋದರೂ ಮರಳುವ ದಾರಿಯಿದ್ದರೆ ಆ ಮಾತು ಗ್ರಾಹ್ಯವು. ಕೃಷ್ಣಸಂಧಾನದಲ್ಲಿ ಕೌರವನ ಅರ್ಥಧಾರಿಯು ಥಟ್ಟನೆ "ಐದು ಗ್ರಾಮಗಳನ್ನು ಕೊಟ್ಟೆ" ಎಂದುಬಿಟ್ಟನೆಂದು ಭಾವಿಸೋಣ. ಇಲ್ಲಿ ಕಥೆಯೇ ಮುರಿಯಿತು. ಭಾಗವತನು ಕೂಡಲೇ ನಿರಾಕರಣೆಯ ಪದವನ್ನು ಎತ್ತಿದರೆ ಕೌರವನು ಹುಚ್ಚನಂತೆ ಕಾಣುವನು. ಆದರೆ ಒಳ್ಳೆಯ ಕೃಷ್ಣನು, "ಸಂತೋಷ, ಇದುವರೆಗೆ ಮಾಡಿದ್ದು ಅನ್ಯಾಯವೆಂದು ಈ ಸಭೆಯಲ್ಲಿ ನುಡಿದು ಕೊಡು" ಎಂದು ಕೇಳಿದರೆ ಸಾಕು, ಅಭಿಮಾನಧನನು ತಾನಾಗಿಯೇ ಇಲ್ಲವೆಂದಾನು. ಹೀಗೆ ಮೊದಲ ನ್ಯಾಯಾಧಿಪತಿಯು ಇದಿರು ಅರ್ಥಧಾರಿ. ಭಾಗವತನು ಮೇಲ್ಮನವಿಯ ಸ್ಥಾನದಲ್ಲಿರುವವನು.

ಪಾಶ್ಚಾತ್ಯರಲ್ಲಿ ಇದಕ್ಕೆ ಸಮೀಪವಾದುದೊಂದಿದೆ. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸನು ಪ್ರಕಟಿಸಿದ ಯುದ್ಧಕ್ರೀಡೆಯಲ್ಲಿ ದಾಳಗಳೂ ಕೋಷ್ಟಕಗಳೂ ಫಲವನ್ನು ಹೇಳುತ್ತಿದ್ದುವು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಸೇನಾನಿಯು ಆ ಕೋಷ್ಟಕಗಳ ಹೊರೆಯನ್ನು ಇಳಿಸಿ, ಅನುಭವಿಯಾದ ಮಧ್ಯಸ್ಥನ ವಿವೇಚನೆಗೇ ಪ್ರಾಧಾನ್ಯ ಕೊಡಬೇಕೆಂದನು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಮೊದಲಾದ ಪಾತ್ರಕ್ರೀಡೆಗಳಲ್ಲಿ ಗೇಮ್ ಮಾಸ್ಟರ್ ಎಂಬ ಸೂತ್ರಧಾರನಿರುವನು. ಆಟಗಾರನು ನಿಯಮದಲ್ಲಿಲ್ಲದ ಸಾಹಸವೊಂದನ್ನು ಹೇಳಿದರೆ, ಅದು ಎಷ್ಟು ಕಷ್ಟಸಾಧ್ಯವೆಂದು ಅವನು ಗೊತ್ತುಮಾಡಿ ದಾಳವನ್ನು ಉರುಳಿಸಹೇಳುವನು. ಅಲ್ಲಿ ಅಂತ್ಯವು ಮೊದಲೇ ಗೊತ್ತಾಗಿರಬೇಕಾದುದಿಲ್ಲ. ಕೌರವನು ಗ್ರಾಮಗಳನ್ನು ಕೊಟ್ಟರೆ ಕೊಟ್ಟಹಾಗೆಯೇ. ತೀರ್ಪಿನ ಅಪವಾದವನ್ನು ದಾಳವೂ ಸ್ವಲ್ಪ ಹೊರುವುದು. ನಮ್ಮ ಭಾಗವತನಿಗೆ ದಾಳವಿಲ್ಲ, ತಾಳವಿದೆ. ಅದನ್ನು ತಟ್ಟಿದರೆ ಹೊಣೆಯೆಲ್ಲ ಅವನದೇ.

ಆದುದರಿಂದಲೇ ಒಂದು ವಾಡಿಕೆಯನ್ನು ನಾನು ಆಕ್ಷೇಪಿಸುತ್ತೇನೆ. ವಾಲಿಯ ಪ್ರಶ್ನೆಗೆ ರಾಮನ ಅರ್ಥಧಾರಿಯು ತಡವರಿಸಿದಾಗ, ಅವನ ಮಾನವನ್ನು ಕಾಯುವುದಕ್ಕಾಗಿ ಭಾಗವತನು ಮುಂದಿನ ಪದವನ್ನು ಎತ್ತಿಬಿಡುವುದುಂಟು. ಬೆಳಗಾಗುತ್ತ ಬಂದಿದ್ದರೆ ಇದು ಕ್ಷಮ್ಯವು. ಇಲ್ಲವಾದರೆ, ಸಭೆಗೆ ಆ ಪ್ರಶ್ನೆಯೇ ಅನುಚಿತವೆಂದು ತೀರ್ಪು ಕೊಟ್ಟಂತಾಗುವುದು. ಪ್ರಶ್ನೆಯಲ್ಲಿ ದೋಷವಿರಲಿಲ್ಲ, ಉತ್ತರಿಸುವವನ ಸಿದ್ಧತೆಯಲ್ಲಿತ್ತು.

ಹಾಗಾದರೆ ಮೌನದ ಮೇಲೆ ಪದವೆತ್ತುವುದು ಎಲ್ಲೆಡೆಯೂ ತಪ್ಪೇ? ದ್ಯೂತಸಭೆಯನ್ನು ನೆನೆಯಬೇಕು. ತನ್ನನ್ನು ಮೊದಲು ಸೋತವನಿಗೆ ನನ್ನನ್ನು ಪಣವಾಗಿಡುವ ಅಧಿಕಾರವುಂಟೇ ಎಂಬ ದ್ರೌಪದಿಯ ಪ್ರಶ್ನೆಯು ಆಟದ ನಿಯಮದೊಳಗಿನಿಂದಲೇ ಹುಟ್ಟಿದುದು. ಆದರೂ ಅಲ್ಲಿ ಯಾರೂ ಎಣಿಸಿದ್ದ ಪ್ರಶ್ನೆಯಲ್ಲ. ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ನಿರ್ಣಯವನ್ನು ಧರ್ಮರಾಯನ ಮೇಲೆ ಹಾಕಿದನು. ವಿಕರ್ಣನೊಬ್ಬನು ಆಕೆ ಸೋತವಳಲ್ಲವೆಂದನು. ಕರ್ಣನು ಅವನ ಬಾಯಿ ಮುಚ್ಚಿಸಿದನು. ಈ ಪ್ರಸಂಗದಲ್ಲಿ ಭೀಷ್ಮನ ಅರ್ಥಧಾರಿಯು ತಡವರಿಸಿ ನಿಂತರೆ, ಭಾಗವತನು ಆ ನಿಲುಗಡೆಯ ಮೇಲೆಯೇ ಪದವೆತ್ತುವುದು ಯುಕ್ತವಾಗಿದೆ. ಏಕೆಂದರೆ ಆ ಮೌನವು ಭೀಷ್ಮನದು. ವಾಲಿಯ ಮುಂದೆ ನಿಂತ ರಾಮನು ಮೌನಿಯಲ್ಲ, ಒಂದು ಸರ್ಗದುದ್ದಕ್ಕೂ ಉತ್ತರ ಹೇಳಿದವನು. ಅಲ್ಲಿ ಬಾಯಿ ಕಟ್ಟಿದುದು ಅರ್ಥಧಾರಿಗೆ ಮಾತ್ರ. ಭಾಗವತನು ತಾಳವನ್ನು ಹಿಡಿದುಕೊಂಡು ಇನ್ನೊಂದು ಗಳಿಗೆ ಕಾಯಬಹುದು.